ಗುಮ್ಮನ ಮೇಜಿನ ಮೇಲಿನ ಕೋಳಿ

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ಎಕ್ಸ್‌ರೇ ಕೋಣೆಯಲ್ಲಿ ಆ ಮಣಭಾರದ ಸೀಸದ ಏಪ್ರನ್ ಹಾಕಿಕೊಂಡು ದಿನವಿಡೀ ನಿಂತರೆ ಸೊಂಟ ಇನ್ನೇನಾಗುತ್ತದೆ. ಊರವರ ಮೂಳೆಯನ್ನೆಲ್ಲ ಫೋಟೋ ತೆಗೆಯುವವನು ನಿನ್ನದೊಂದನ್ನು ತೆಗೆಸಿಕೊಳ್ಳಲು ಯಾಕೆ ಮೀನಮೇಷ ಎಣಿಸುತ್ತೀಯೋ ನಾ ಕಾಣೆ. ನಿನ್ನ ಹೆಂಡತಿಯ ಕೆಮ್ಮು ವಾಸಿಯಾಗಿರಬೇಕು. ಬಿಸಿನೀರು ಕುಡಿಯಲು ಹೇಳು, ನಾನು ಹೇಳಿದೆನೆಂದು ಹೇಳಬೇಡ. ನಾನು ಚೆನ್ನಾಗಿದ್ದೇನೆ. ಹಾಗೆ ಬರೆಯುವುದು ರೂಢಿ, ಬರೆದಿದ್ದೇನೆ.

ಅಕ್ಕ ಇದ್ದಕ್ಕಿದ್ದಂತೆ ಕಾಗದ ಯಾಕೆ ಬರೆದಳು ಎಂದು ನಿನಗೆ ಆಶ್ಚರ್ಯವಾಗಬಹುದು. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕಿ ಏನೋ ಒಂದು ಹೇಳಿ ನಗಿಸುತ್ತೀಯ, ನಾನು ಹೇಳಬೇಕಾದದ್ದನ್ನು ನುಂಗಿಕೊಂಡು ಫೋನಿಡುತ್ತೇನೆ. ಕಂಪ್ಯೂಟರಿನಲ್ಲಿ ಬರೆಯೋಣವೆಂದರೆ ಅಲ್ಲಿ ನೀನು ಯಾರಾಗಿ ಓದುತ್ತೀಯೋ ನನಗೆ ತಿಳಿಯದು. ಈ ಕಾಗದವಾದರೆ ನಿನ್ನ ಮನೆ ಬಾಗಿಲಿಗೆ, ನಿನ್ನ ಸ್ವಂತ ಹೆಸರಿಗೇ ಬರುತ್ತದೆ.

ಇಲ್ಲಿಯ ಸುದ್ದಿ ಹೇಳುವಂಥದ್ದೇನೂ ಇಲ್ಲ. ಮುಂದಿನ ಕೋಣೆಯಲ್ಲಿ ಅದೇ ಡಿಟಿಪಿ ಕೆಲಸ. ಔಷಧಿ ಅಂಗಡಿಯವರ ಬಿಲ್ ಪುಸ್ತಕ ಮುಗಿಯಿತು. ಬೇಕರಿಯವನು ಬಿಸ್ಕತ್ತಿನ ಡಬ್ಬದ ಲೇಬಲ್ಲಿಗೆ ಈ ಸಲವೂ ಬಣ್ಣ ಬದಲಿಸಿ ನನ್ನ ತಲೆ ತಿಂದ. ಕೆಂಪು ಬೇಕಂತೆ, ಆದರೆ ಕೆಂಪಗೆ ಕಾಣಬಾರದಂತೆ. ಹಳೆಯ ಕಾಲವಾಗಿದ್ದರೆ ಇದನ್ನು ಇಂಟರ್ನೆಟ್ಟಿನ ಆ ಕಂಪ್ಯೂಟರ್ ಫೋರಮ್ಮಿನಲ್ಲಿ ಹಾಕಿ ಎಲ್ಲರನ್ನೂ ನಗಿಸುತ್ತಿದ್ದೆ. ಹಳೆಯ ಕಾಲವೆಂದರೆ ಕಳೆದ ತಿಂಗಳು.

ಆ ಫೋರಮ್ಮಿಗೆ ನಾನು ಹೋದದ್ದು ಹೇಗೆಂದು ನಿನಗೆ ಗೊತ್ತು. ನಿನ್ನ ಭಾವ ತೀರಿಕೊಂಡ ಮೇಲೆ ಅಕ್ಷರದ ಫಾಂಟೊಂದು ಕೈಕೊಟ್ಟಿತು, ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಅಲ್ಲಿ ಹೋಗಿ ಕೇಳಿದರೆ ಒಬ್ಬ ಪುಣ್ಯಾತ್ಮ, ಲಿನಕ್ಸಾ, ಅದಿನ್ನೂ ಉಸಿರಾಡ್ತಿದ್ಯಾ ಎಂದು ಬರೆದ. ಮೈಯೆಲ್ಲ ಉರಿದುಹೋಯಿತು. ನಿನ್ನ ಭಾವ ರಾತ್ರಿ ಹಗಲು ಕೂತು ವಿಂಡೋಸ್ ಬದಲು ನನಗಾಗಿ ಹೊಂದಿಸಿಕೊಟ್ಟ ಸಿಸ್ಟಮ್ ಅದು. ಸೂಜಿಮೊನೆ ಎಂಬ ಹೆಸರಿಟ್ಟುಕೊಂಡು ಅವನ ನೀರಿಳಿಸಿದೆ. ಆಮೇಲೆ ಅದೇ ಚಟವಾಯಿತು. ವಿಂಡೋಸ್ ಕಡೆಯವರು, ಲಿನಕ್ಸ್ ಕಡೆಯವರು, ಎರಡೂ ಕಡೆಯವರನ್ನು ಬಡವರೆಂದು ನೋಡುವ ಮ್ಯಾಕ್ ಕಡೆಯವರು. ಇಲ್ಲಿ ಕನ್ನಡಕ ಹುಡುಕುತ್ತ ಓಡಾಡುವ ಹೆಂಗಸು ಅಲ್ಲಿ ಸೂಜಿಮೊನೆಯಾಗಿ ಕೂತರೆ ಗಡ್ಡ ಮೀಸೆ ಬಂದ ಗಂಡಸರು ಹಿಂದೆ ಸರಿಯುತ್ತಿದ್ದರು. ನಾನು ಹೆಂಗಸೆಂದು ಅಲ್ಲಿ ಒಬ್ಬರಿಗೂ ತಿಳಿಯದು, ಆ ಹೆಸರು ನನ್ನದೆಂದು ಹೇಳಿದ್ದು ನಿನ್ನೊಬ್ಬನಿಗೇ. ಗಂಡನ ವಿಷಯವಂತೂ ನಾನು ಅಲ್ಲಿ ಒಂದಕ್ಷರ ಬರೆದವಳಲ್ಲ.

ಆಮೇಲೆ ಗುಮ್ಮ ಬಂದ. ಹೆಸರೇ ಗುಮ್ಮ. ಮಿಕ್ಕವರಂತೆ ಬಾಯಿಗೆ ಬಂದದ್ದು ಬರೆಯುವವನಲ್ಲ. ತಣ್ಣಗೆ, ಬಹುವಚನದಲ್ಲಿ, ಎಲ್ಲಿ ಮುಟ್ಟಿದರೆ ನೋಯುತ್ತದೋ ಸರಿಯಾಗಿ ಅಲ್ಲೇ ಬೆರಳಿಡುತ್ತಿದ್ದ. ಹೊಸ ಪ್ರಿಂಟರು ನನ್ನ ಸಿಸ್ಟಮ್ಮಿನ ಜೊತೆ ಮಾತಾಡಲು ಒಪ್ಪದೆ ಹಾಳೆ ತುಂಬ ಗೆರೆ ಎಳೆದದ್ದನ್ನು ನಾನು ಯಾರಿಗೆ ಹೇಳಿದ್ದೆ? ಭಾನುವಾರದ ಫೋನಿನಲ್ಲಿ ನಿನಗೆ. ಎರಡು ದಿನ ಬಿಟ್ಟು ಗುಮ್ಮ ಕೇಳುತ್ತಾನೆ, ಸೂಜಿಮೊನೆಯವರೇ, ಹೊಸ ಪ್ರಿಂಟರ್ ತಂದ್ರೆ ನಿಮ್ಮ ಲಿನಕ್ಸು ಅದರ ಮುಖ ನೋಡುತ್ತಾ ಎಂದು. ಪ್ರೆಸ್ಸಿನ ಯಜಮಾನರು ನನ್ನ ಫೈಲು ವಾಪಸು ಕಳಿಸಿದರು, ಅವರ ಮೆಷಿನ್ನಿನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ನಾಚಿಕೆಯಿಂದ ಕುಗ್ಗಿಹೋಗಿ ಅದನ್ನೂ ನಿನ್ನೊಬ್ಬನಿಗೇ ಹೇಳಿದೆ. ಆ ವಾರವೇ ಗುಮ್ಮ ಒತ್ತಕ್ಷರದ ಮಾತೆತ್ತಿದ. ನಾನು ಪೆದ್ದಿ, ಎಂಥ ಬುದ್ಧಿವಂತನಪ್ಪ ಇವನು ಎಂದುಕೊಂಡೆ. ಎದುರಾಳಿ ಅಂದ್ರೆ ಹಿಂಗಿರ್ಬೇಕು ಕಣೋ ಎಂದು ನಿನ್ನ ಹತ್ತಿರವೇ ಹೊಗಳಿದೆ. ನೀನು ನಕ್ಕೆ. ನನ್ನ ಜೊತೆ ನಗುತ್ತಿದ್ದೀಯ ಎಂದುಕೊಂಡೆ.

ಅವನದೊಂದು ಪಲ್ಲವಿಯಿತ್ತು. ವಿಂಡೋಸ್‌ನಲ್ಲಿ ಇಲ್ಲದ್ದು ನಿಮ್ಮದರಲ್ಲಿ ಏನಿದೆ, ಒಂದೇ ಒಂದು ಹೇಳಿ, ಸುಮ್ಮನಾಗ್ತೀನಿ. ಪ್ರತಿ ಜಗಳದ ಕೊನೆಗೂ ಅದನ್ನೇ ಕೇಳುವವನು. ನಾನು ಏನೇನೋ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಕೊನೆಗೊಮ್ಮೆ ಅವನು ಬರೆದ, ಸತ್ತವರು ಹಾಕಿಕೊಟ್ಟದ್ದಕ್ಕೆ ಬದುಕಿರುವವರು ಯಾಕೆ ಜೋತುಬೀಳಬೇಕು ಎಂದು. ಸಾಮಾನ್ಯ ಮಾತಿನಂತೆ ಬರೆದಿದ್ದ. ನಾನು ಮೆಷಿನ್ ಆರಿಸಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅತ್ತೆ. ಆ ಭಾನುವಾರ ನೀನು ಫೋನ್ ಮಾಡಿ, ಯಾಕಕ್ಕಾ ಧ್ವನಿ ಒಂಥರಾ ಇದೆ ಎಂದೆ. ಹೇಳಿದೆ. ನೀನು ಏನೆಂದೆ, ನೆನಪಿದೆಯೇ? ಅವನ್ಯಾರೋ ಕೆಲ್ಸ ಇಲ್ದೋನು, ತಲೆ ಕೆಡಿಸ್ಕೋಬೇಡ, ಆದ್ರೂ ಅವನು ಹೇಳಿದ್ರಲ್ಲಿ ಸ್ವಲ್ಪ ನಿಜ ಇದೆ ಅಲ್ವಾ. ಹೀಗೆಂದೆ ನೀನು. ಹೊಡೆದ ಕೈಯಲ್ಲೇ ಬೆನ್ನು ಸವರಿದೆ, ಸವರುವಾಗಲೂ ಇನ್ನೊಂದು ಸಲ ಹೊಡೆದೆ.

ಗುರುತುಪರಿಚಯವಿಲ್ಲದ ಹೊರಗಿನವನ ಕಣ್ಣಿಗೂ ನಾನು ಹಾಗೆ ಕಂಡೆನೆಂದರೆ ಅದು ನಿಜವೇ ಇರಬೇಕೆಂದು ನನಗೆ ಅನ್ನಿಸಿಬಿಟ್ಟಿತು. ಅದಕ್ಕೇ ಸೋತೆ. ಹಳೆಯದನ್ನೆಲ್ಲ ಅಳಿಸಿ ವಿಂಡೋಸ್ ಹಾಕಿಕೊಡು ಎಂದು ನಿನ್ನನ್ನು ನಾನೇ ಕರೆದೆ. ಮುಂದಿನ ಶನಿವಾರ ಬರುತ್ತೇನೆಂದು ನೀನು ಹಬ್ಬದ ಹುಡುಗನಂತೆ ಕುಣಿದಾಡಿದೆ.

ಇನ್ನು ಆ ಕೋಳಿಯ ವಿಷಯ. ಫೋರಮ್ಮಿನಲ್ಲಿ ಒಂದು ನಿಯಮವಿದೆಯಲ್ಲ, ನನ್ನ ಮೆಷಿನ್ ಬೇಗ ಶುರುವಾಗುತ್ತದೆ ಎಂದು ಯಾರಾದರೂ ಜಂಬ ಕೊಚ್ಚಿದರೆ ಪರದೆಯ ಪಕ್ಕದಲ್ಲಿ ಗಡಿಯಾರವಿಟ್ಟು ಫೋಟೋ ಹಾಕಬೇಕು, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ. ಗೆದ್ದ ಹುಮ್ಮಸ್ಸಿನಲ್ಲಿ ಗುಮ್ಮ ಮೊನ್ನೆ ಮತ್ತೊಬ್ಬನ ಜೊತೆ ಪಂಥಕ್ಕೆ ಬಿದ್ದು ಫೋಟೋ ಹಾಕಿದ. ಪರದೆಯ ಪಕ್ಕದಲ್ಲಿ ಅಡುಗೆಮನೆಯ ಟೈಮರು. ಹಳದಿ ಬಣ್ಣದ ಪ್ಲಾಸ್ಟಿಕ್ ಕೋಳಿ. ಕೊಕ್ಕು ಮುರಿದಿತ್ತು, ಯಾರೋ ಅದನ್ನು ಅಂಟಿಸಿ ಬಿರುಕು ಕಾಣದಿರಲೆಂದು ಉಗುರಿನ ಬಣ್ಣ ಬಳಿದಿದ್ದರು. ನೇರಳೆ ಉಗುರುಬಣ್ಣ. ಯಾರೋ ಏನು, ನಾನೇ. ನಿನ್ನ ಹೆಂಡತಿಗೆ ಕೊಡುವ ಮೊದಲು ನನ್ನ ಕೈಯಿಂದ ಜಾರಿ ಬಿದ್ದದ್ದಕ್ಕೆ ನಾನೇ ಮಾಡಿದ ರಿಪೇರಿ. ಲೋಕದಲ್ಲಿ ನೇರಳೆ ಕೊಕ್ಕಿನ ಕೋಳಿ ಇರುವುದು ಒಂದೇ ಮನೆಯಲ್ಲಿ.

ಮೊದಲು ಹುಚ್ಚು ಹಿಡಿದವಳಂತೆ ನಕ್ಕೆ. ಆಮೇಲೆ ಹಳೆಯ ಜಗಳಗಳನ್ನೆಲ್ಲ ಮೊದಲಿನಿಂದ ಓದಿದೆ. ಪ್ರತಿಯೊಂದರ ಹಿಂದೆಯೂ ಒಂದು ಭಾನುವಾರವಿತ್ತು. ನಾನು ತಮ್ಮನೆಂದು ನಂಬಿ ಹೇಳಿಕೊಂಡದ್ದನ್ನೆಲ್ಲ ನೀನು ಗುಮ್ಮನಿಗೆ ಆಯುಧ ಮಾಡಿಕೊಟ್ಟಿದ್ದೆ.

ಯಾಕೆ ಮಾಡಿದೆ ಎಂದು ನನಗೆ ತಿಳಿಯದೇ ಇಲ್ಲ. ಹಿಂದೊಮ್ಮೆ ನಮ್ಮ ಅಡುಗೆಮನೆಯಲ್ಲಿ ಕೂತು, ಭಾವ ಹೋದ್ರು ಅಕ್ಕಾ, ಆ ಡಬ್ಬಾನೂ ಕಳಿಸ್ಬಿಡು ಎಂದಿದ್ದೆ. ನಾನು ತಟ್ಟೆ ಬಿಟ್ಟು ಎದ್ದುಹೋದೆ, ಎಷ್ಟೋ ವಾರ ನಿನ್ನ ಫೋನು ತೆಗೆಯಲಿಲ್ಲ. ಮತ್ತೆ ಹಾಗಾಗಬಾರದೆಂದು ನೀನು ಮುಖವಾಡ ಹಾಕಿಕೊಂಡೆ. ಅಕ್ಕ ಸತ್ತವನ ಮೆಷಿನ್ನಿಗೆ ಅಂಟಿಕೊಂಡು ಕೊಳೆಯುತ್ತಿದ್ದಾಳೆ, ಬಿಡಿಸಿದರೆ ಪುಣ್ಯ ಬರುತ್ತದೆ ಎಂದುಕೊಂಡಿರಬೇಕು. ಉದ್ದೇಶ ಒಳ್ಳೆಯದೇ ಇರಲಿ. ಆದರೆ ಅಂದು ಅಡುಗೆಮನೆಯಲ್ಲಿ ಆಡಿದ ಮಾತು ನಿನ್ನ ಬಾಯಿಂದ ಬಂದದ್ದು. ನನಗೆ ಕೋಪ ಬಂತು, ನಂಬಿಕೆ ಹೋಗಲಿಲ್ಲ. ಈಗ ಹೋಗಿದೆ ತಮ್ಮಾ. ಇವತ್ತು ಭಾನುವಾರ. ಮಧ್ಯಾಹ್ನ ಫೋನು ಬರುತ್ತದೆ, ಪ್ರಿಂಟರಿನ ಸುದ್ದಿಯನ್ನು ಇನ್ನು ಯಾರಿಗೆ ಹೇಳಲಿ ಎಂದು ಯೋಚಿಸುತ್ತಿದ್ದೇನೆ. ತೆಗೆಯುವುದಿಲ್ಲ, ಗಾಬರಿಯಾಗಬೇಡ. ಮೈಗೇನೂ ಆಗಿಲ್ಲ.

ನಿನ್ನ ಹೆಂಡತಿಯನ್ನು ಬೈಯಬೇಡ, ಕೋಳಿಯನ್ನು ಮೇಜಿನ ಮೇಲಿಟ್ಟದ್ದು ಅವಳಲ್ಲ. ಅವಳಿಗೆ ನನ್ನ ಪ್ರೀತಿಯ ಆಶೀರ್ವಾದ. ನಿನಗೂ ಆಶೀರ್ವಾದ, ಎಷ್ಟಾದರೂ ನಾನು ಎತ್ತಿ ಆಡಿಸಿದವನು ನೀನು. ಗುಮ್ಮನಿಗೆ ಮಾತ್ರ ಇಲ್ಲ. ಸೊಂಟಕ್ಕೆ ಬಿಸಿ ಶಾಖ ಕೊಟ್ಟುಕೊ.

ಇಂತಿ ನಿನ್ನ
ಅಕ್ಕ

ಮರೆತೆ, ಅಂಚೆಪೆಟ್ಟಿಗೆಗೆ ಹಾಕಿಬರಲು ಹೊರಟವಳು ಮತ್ತೆ ಕೂತೆ, ಬೇಗ ಬರೆಯುತ್ತೇನೆ. ಗುಮ್ಮ ಕೇಳುತ್ತಿದ್ದ ಪ್ರಶ್ನೆಗೆ ಉತ್ತರವಿದೆ. ಅವನಿಗೆ ಕೊಡಲಿಲ್ಲ, ನಿನಗೆ ಕೊಡುತ್ತೇನೆ. ಬೆಳಿಗ್ಗೆ ಮೆಷಿನ್ ಹಾಕಿದ ಕೂಡಲೇ, ಮಿಕ್ಕೆಲ್ಲ ಬರುವ ಮೊದಲು, ಕಪ್ಪು ಪರದೆಯ ಮೇಲೆ ಒಂದು ಸಾಲು ಬರುತ್ತದೆ. ಬಂದ್ಯಾ, ಕನ್ನಡಕ ಹಾಕ್ಕೊಂಡ್ಯಾ. ನಿನ್ನ ಭಾವ ಆಸ್ಪತ್ರೆಗೆ ಸೇರುವ ಮೊದಲು ನನಗೆ ಹೇಳದೆ ಬರೆದಿಟ್ಟದ್ದು. ಓದುವಷ್ಟರಲ್ಲಿ ಮಾಯವಾಗುತ್ತದೆ. ನೀನು ಬಂದಾಗಲೆಲ್ಲ ಮೆಷಿನ್ ಆಗಲೇ ನಡೆಯುತ್ತಿರುತ್ತದೆ, ಅದಕ್ಕೆ ನೀನು ನೋಡಿಲ್ಲ. ಹೊರಗಿನವನ ಮಾತಿಗೆ ನಾಚಿ ಆ ಸಾಲನ್ನೂ ಅಳಿಸಲು ಒಪ್ಪಿಕೊಂಡಿದ್ದೆ, ನಿನ್ನ ಕೈಯಿಂದಲೇ ಅದು ಅಳಿಸಿಹೋಗುತ್ತಿತ್ತು. ಶನಿವಾರ ವಿಂಡೋಸಿನ ಪೆನ್‌ಡ್ರೈವ್ ತರಬೇಡ, ಬರಿಗೈಯಲ್ಲಿ ಬಾ. ಮೆಷಿನ್ ಆರಿಸಿಟ್ಟಿರುತ್ತೇನೆ. ನೀನೇ ಹಾಕು. ನಾನು ಅಡುಗೆಮನೆಯಲ್ಲಿ ಇರುತ್ತೇನೆ.