ಬಾಳೆಯ ಬುಡದಲ್ಲಿ ಮೂರು ಮರಿ

ಕಲಬುರ್ಗಿ,
ಮಾಘ, ಫಸಲಿ ೧೩೪೧

ಕಮಲಾಪುರದಲ್ಲಿರುವ ಅಪ್ಪನವರ ಪಾದಗಳಿಗೆ ಗುರುಲಿಂಗನ ಶರಣು.

ಮಹಾಗಾಂವದ ಹುಡುಗಿಯೊಡನೆ ಬರುವ ಸೋಮವಾರವೇ ನನ್ನ ಮದುವೆಯೆಂದು ಬರೆದಿದ್ದೀರಿ. ನಿಮ್ಮ ಮಾತು ಮೀರುವ ಮಗ ನಾನಲ್ಲ. ಆದರೆ ಒಂದು ತೊಡಕಿದೆ.

ನನ್ನ ಮೊದಲ ಹೆಂಡತಿ ಬದುಕುವುದಿಲ್ಲವೆಂದು ಜೋಯಿಸರು ಜಾತಕ ನೋಡಿ ಹೇಳಿದ್ದಕ್ಕೆ, ದೀಪಾವಳಿ ರಜೆಯಲ್ಲಿ ಬಾವಿಯ ಹತ್ತಿರದ ಕೆಂಪು ಬಾಳೆಗೆ ನನ್ನಿಂದ ತಾಳಿ ಕಟ್ಟಿಸಿ, ಅದನ್ನು ಕಡಿಸಿದಿರಿ. “ಮೊದಲ್ನೇಕಿ ಹೋದ್ಲು, ಇನ್ನ ಚಿಂತಿ ಇಲ್ಲ” ಎಂದರು ಜೋಯಿಸರು.

ನಿನ್ನೆ ನಮ್ಮ ಮಾಸ್ತರರು ಶಾಲೆಗೆ ಒಂದು ಬಾಳೆಯನ್ನೇ ತಂದು ಪಾಠ ಮಾಡಿದರು. ನಾವು ಕಾಂಡ ಎನ್ನುವುದು ಕಾಂಡವೇ ಅಲ್ಲವಂತೆ, ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಬುಡಗಳಂತೆ. ನಿಜವಾದ ಕಾಂಡ ನೆಲದೊಳಗಿನ ಗಡ್ಡೆ. “ಮ್ಯಾಲಿಂದು ಕಡದ್ರ ಬಾಳಿ ಸಾಯಂಗಿಲ್ಲೋ, ತೆಳಗ ಗಡ್ಡಿ ಜೀವಂತ ಇರ್ತದ” ಎಂದರು. ಆ ಗಡ್ಡೆಯ ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಜೇನುಹುಟ್ಟಿನಂತೆ ಕೋಣೆಗೆ ಕೋಣೆ ಅಂಟಿಕೊಂಡು, ತುಂಬಿದ ಮನೆಯ ಹಾಗಿತ್ತು.

ಅಂದರೆ ನೀವು ಕಡಿಸಿದ್ದು ಎಲೆಗಳನ್ನು ಮಾತ್ರ. ನಿಮ್ಮ ಸೊಸೆ ಸುಖವಾಗಿದ್ದಾಳೆ. ಮೊನ್ನೆ ಊರಿಂದ ಇಲ್ಲಿಯ ಸಂತೆಗೆ ಬಂದ ಚಂದ್ರಶಾ ಕಾಕಾ ಕೂಡ “ಆ ಬಾಳಿ ಬುಡದಾಗ ಮೂರು ಮರಿ ಎದ್ದಾವ ನೋಡಪಾ” ಎಂದರು.

ಹೆಂಡತಿ ಮಕ್ಕಳಿರುವವನಿಗೆ ಹುಡುಗಿ ಕೊಡಲು ಒಪ್ಪಿಗೆಯೇ ಎಂದು ಮಹಾಗಾಂವದವರನ್ನು ಒಮ್ಮೆ ಕೇಳಿರಿ. ಗಡ್ಡೆ ಅಗೆಸುವುದಾದರೆ ನನ್ನ ಮೆಟ್ರಿಕ್ ಪರೀಕ್ಷೆ ಮುಗಿದ ಮೇಲೆ ಅಗೆಸಿರಿ. ಗಂಡನಾದವನು ಆಗ ಊರಲ್ಲಿರಬೇಕು.

ಮೊಮ್ಮಕ್ಕಳಿಲ್ಲವೆಂದು ಅವ್ವ ಕೊರಗುತ್ತಿದ್ದಳಲ್ಲ, ಮೂರರಲ್ಲಿ ಸಣ್ಣದಕ್ಕೆ ದಿನಾ ನೀರು ಹಾಕಲು ಹೇಳಿರಿ.

ನಿಮ್ಮ ಮಗ,
ಗುರುಲಿಂಗ