ಹಳ್ಳದ ದಂಡೆಯ ಈಚಲು

೭ ಅಕ್ಟೋಬರ್ ೧೯೪೭

ಕುರಿಗಳಿಗೆ ನೀರು ಕುಡಿಸಿ ಬಂದೆ. ಎರಡು ಮರಿ ಕುಂಟುತ್ತಿವೆ. ಬಾಗಿಲಲ್ಲಿ ಮಾಣಿಕಪ್ಪ ಕೂತಿದ್ದ. ನಾರಾಯಣಖೇಡದವನು; ನಿಜಾಮ ಸರ್ಕಾರದ ವಿರುದ್ಧ ಹೋರಾಡುವ ನಮ್ಮ ತಂಡದ ಮುಂದಾಳು. ರವಿವಾರ ಹಳ್ಳದ ದಂಡೆಯ ಈಚಲೆಲ್ಲ ಕಡಿಯಬೇಕಂತೆ. ಈಚಲಿಂದ ಇಳಿಸುವ ಸೇಂದಿಯ ಸುಂಕದಿಂದಲೇ ಸರ್ಕಾರಕ್ಕೆ ಬಂದೂಕು. ಮರ ಹೋದರೆ ಸುಂಕವೂ ಹೋಯಿತು.

ಮಾತು ಸರಿಯೇ. ಆದರೆ ಹಳ್ಳದ ನೀರು? ಕೆಳಗಿನ ಊರಿನವರು ಹಿಂದೆ ಇಟ್ಟಿಗೆ ಭಟ್ಟಿಗೆಂದು ಈಚಲು ಕಡಿದರು. ಮುಂದಿನ ಮಳೆಗಾಲಕ್ಕೇ ದಂಡೆ ಕುಸಿದು ಬೇಸಿಗೆಯ ಒರತೆ ಮುಚ್ಚಿಹೋಯಿತು. ಈಗ ನಮ್ಮ ಒರತೆಗೇ ಕೊಡ ತರುತ್ತಾರೆ.

೮ ಅಕ್ಟೋಬರ್, ಸಂಜೆ

ಹೇಳಿಯೇಬಿಟ್ಟೆ.

"ಅಣ್ಣಾ, ಈಚಲ ಬೇರೇ ದಂಡಿ ಹಿಡ್ದಾವ. ಕಡಿದ್ರ ನೀರ ಇರಂಗಿಲ್ಲ."

"ಅಲ್ಲಿ ಗುಂಡು ಹಾರಾಕತ್ತಾವ, ಇವಗ ಹಳ್ಳದ ಚಿಂತಿ!" ಎಂದ ಮಾಣಿಕಪ್ಪ. "ಸುಂಕ ಎತ್ತೋ ಆಬಕಾರಿ ದರೋಗಾನ ಅಳಿಯ ಆಗೀದಿ ಏನಲೇ?"

ತಂಡದವರೆಲ್ಲ ನಕ್ಕರು.

"ಸ್ವರಾಜ್ಯ ಬಂದ ಮ್ಯಾಲ ಮತ್ತ ಹಚ್ಚಿದ್ರಾತು" ಎಂದ ಮಾಣಿಕಪ್ಪ.

"ಅಲ್ಲೀತನಕ ಏನ್ ಕುಡೀಬೇಕ್ರಿ?"

ನಗು ನಿಂತಿತು. "ಸಾಲಿ ಬಿಟ್ಟವಾ ನಮಗ ಪಾಠ ಹೇಳ್ತಾನ" ಎಂದು ಎದ್ದುಹೋದ. ಜಹೀರಾಬಾದಿನ ಶಾಲೆ ಬಿಟ್ಟದ್ದು ನಿಜ. ತಿಳಿಯದ ಪಾಠಕ್ಕೆ ತಿಳಿಯಿತೆಂದು ತಲೆಯಾಡಿಸಲು ಆಗಲಿಲ್ಲ...

೧೧ ಅಕ್ಟೋಬರ್

ಅವ್ವ ಉಪಾಯ ಹೂಡಿದ್ದಾಳೆ. ನೆರೆಯ ಹೆಂಗಸರ ಜೊತೆ ಈಚಲ ಬುಡಕ್ಕೆ ಕಲ್ಲು ನಿಲ್ಲಿಸಿ, ಸುಣ್ಣ ಬಳಿದು, ಅರಿಶಿನ ಕುಂಕುಮ ಇಟ್ಟಳು. ಪೋಚಮ್ಮ ದೇವಿಯ ತೋಪಂತೆ. ದೇವರ ಮರಕ್ಕೆ ಇಲ್ಲಿ ಯಾರೂ ಕೊಡಲಿ ಎತ್ತುವುದಿಲ್ಲ.

"ಇದು ಸುಳ್ಳಲ್ಲೇನ್, ಅವ್ವಾ?"

"ಸುಳ್ಳು ನಂದು. ನೀ ಬಾಯಿ ಮುಚ್ಕೊಂಡಿರು, ಸತ್ಯವಂತಾ. ಅಷ್ಟೂ ಆಗಲ್ಲೇನು?"

ಆಗುತ್ತದೆ ಎಂದೆ. ಆಗುತ್ತದೆಯೇ?

೧೨ ಅಕ್ಟೋಬರ್

ಆಗಲಿಲ್ಲ.

ಕಲ್ಲು ಕಂಡು ತಂಡದವರು ಕೊಡಲಿ ಕೆಳಗಿಟ್ಟರು. ಒಬ್ಬ ಚಪ್ಪಲಿಯನ್ನೂ ಬಿಟ್ಟ. ಮಾಣಿಕಪ್ಪ ಮಾತ್ರ ನನ್ನ ಕಡೆ ತಿರುಗಿದ.

"ಭೀಮಶಾ, ಪೋಚಮ್ಮ ಇಲ್ಲಿ ಯಾವಾಗ ಬಂದಾಳ?"

"ನಿನ್ನಿ."

ಅವ್ವ ನನ್ನ ಮುಖ ನೋಡಲಿಲ್ಲ. ಕೊಡಲಿಗಳು ಮೇಲೆದ್ದವು. ಬಾಯಿಗೆ ಬಂದದ್ದು ಹೇಳಿದೆ — ಮರಕ್ಕೆ ಗಡಿಗೆ ಕಟ್ಟದಿದ್ದರೆ ಸೇಂದಿ ಇಲ್ಲ, ಸುಂಕ ಇಲ್ಲ. ಮರ ಯಾಕೆ ಕಡಿಯಬೇಕು? ಸೇಂದಿ ಇಳಿಸುವ ಅಂಜಪ್ಪ ಅಲ್ಲೇ ನಿಂತಿದ್ದ. ಮರ ಉಳಿಯುವುದಾದರೆ ಈ ವರ್ಷ ಏರುವುದಿಲ್ಲ ಎಂದು ಹಗ್ಗ, ಕತ್ತಿ ಎರಡನ್ನೂ ಮಾಣಿಕಪ್ಪನ ಮುಂದೆ ಹಾಕಿದ. ನನಗೆ ಹೇಳಿದ: "ಮಕ್ಕಳು ಏನ್ ತಿಂತಾವೋ, ಅದೂ ನೀನೇ ಹೇಳಪಾ."



"ಒಂದ್ ಗಡಗಿ ಕಂಡ್ರೂ ಎಲ್ಲಾ ಮರ ನೆಲಕ್ಕ" ಎಂದ ಮಾಣಿಕಪ್ಪ. "ಕಾಯೋದು ನಿನ್ನ ಕೆಲಸ. ನಿನ್ನ ಮಾತು ನಂಬ್ತೀನಿ, ಬ್ಯಾರೆಯವರ್ದಲ್ಲ."

೧೩ ಅಕ್ಟೋಬರ್

ಅವ್ವ ಮಾತಾಡುತ್ತಿಲ್ಲ. ರೊಟ್ಟಿ ಮಾತ್ರ ಇಟ್ಟಳು.

೨ ನವೆಂಬರ್, ಬೆಳಿಗ್ಗೆ

ನಡುವಿನ ಮರದಲ್ಲಿ ಗಡಿಗೆ!

ಅಂಜಪ್ಪನ ಗುಡಿಸಲಿಗೆ ಓಡಿದೆ. ಅವನ ತುಟಿ ಒಡೆದಿದೆ. ಸರ್ಕಾರದ ಕಡೆಯವರು ಬಂದೂಕು ಹಿಡಿದು ಬಂದಿದ್ದರಂತೆ.

"ಏರು ಅಂದ್ರು, ಏರಿದೆ. ಗಡಗಿ ಇಳಿಸಿದ್ರ ಆ ಮರಕ್ಕ ನನ್ನೇ ಕಟ್ತಾರಂತ. ಮುಟ್ಟಬ್ಯಾಡ, ಮಗಾ."

ಗಡಿಗೆ ಇಳಿಸಿದರೆ ಅಂಜಪ್ಪನ ಜೀವ. ಇಳಿಸದಿದ್ದರೆ ಮರ, ನೀರು. ಕಂಡಿಲ್ಲ ಎಂದುಬಿಟ್ಟರೆ...

ಅವ್ವ ಇಂದು ಬಾಯಿ ಬಿಟ್ಟಳು. "ಈ ಸಲನೂ ಖರೇನೇ ಹೇಳ್ತೀಯೇನು?"

ಅದೇ ದಿನ, ಮಧ್ಯಾಹ್ನ

ಸಂಜೆ ಮಾಣಿಕಪ್ಪ ಬಂದು ಕೇಳುತ್ತಾನೆ. ಕಂಡೆ ಎನ್ನುತ್ತೇನೆ. ಅಂಜಪ್ಪನ ತುಟಿಯ ವಿಷಯವನ್ನೂ ಹೇಳುತ್ತೇನೆ. ಅಂಜಪ್ಪನೂ ನಮ್ಮವನು, ಹಳ್ಳವೂ ನಮ್ಮದು. ಏರಿಸಿದವರನ್ನು ತಡೆಯೋಣ, ಮರದ ತಪ್ಪೇನು ಎನ್ನುತ್ತೇನೆ. ಕೇಳಿದ ಕೂಡಲೇ... ಇಲ್ಲ, ಕೇಳುವ ಮೊದಲೇ. ಬೆಳಿಗ್ಗೆಯೇ ಹೋಗಬೇಕಿತ್ತೇನೋ. ಅಂಗಿ ಹಾಕಿಕೊಂಡು ಕೂತಿದ್ದೇನೆ.

ಹಳ್ಳದ ಕಡೆಯಿಂದ ಕೊಡಲಿಯ ಸದ್ದು. ಹಸಿ ಮರಕ್ಕೆ ಬೀಳುತ್ತಿದೆ. ಇನ್ನೊಂದು. ಗಡಿಗೆ ತಂಡದವರ ಕಣ್ಣಿಗೂ ಬಿದ್ದಿದೆ. ಅವ್ವ ಬಾಗಿಲಿಗೆ ಬಂದು ನಿಂತಳು.

ನನ್ನನ್ನು ಯಾರೂ ಕೇಳಲೇ ಇಲ್ಲ —