ಅಪ್ಪನ ಕೈಯ ಬಟನ್

ಡಿಸೆಂಬರ್ 3, ಮಂಗಳವಾರ

ಅಪ್ಪನ ಬಟನ್ ಡಬ್ಬಿಗೆ ಮತ್ತೆ ಸೆಲ್ ಬದಲಾಯಿಸಿದೆ. ಹತ್ತೇ ದಿನಕ್ಕೆ ಮುಗಿದಿದ್ದವು. ಎರಡು ಪೆನ್ಸಿಲ್ ಸೆಲ್ ಸೇರಿದರೆ ಮೂರು ವೋಲ್ಟು — ಒಳಗಿನ ಬೋರ್ಡಿಗೆ ಸಾಲದು. ಈ ಸಲ ನಡುವೆ ಸಣ್ಣ ಬೂಸ್ಟರ್ ಹಾಕಿದ್ದೇನೆ, ವೋಲ್ಟೇಜ್ ಏರಿಸಿ ಕೊಡುತ್ತದೆ. ಅಪ್ಪ ಬಟನ್ ಒತ್ತಿದರೆ ಬೋರ್ಡ್ ಏಳಬೇಕು, ನೀಲಿ ದೀಪ ಹತ್ತಬೇಕು, ಹಿತ್ತಲ ಕುರಿದೊಡ್ಡಿಯಲ್ಲಿ ಬಜರ್ ಕೂಗಬೇಕು. ಇಷ್ಟೇ ಕೆಲಸ. ಇಷ್ಟಕ್ಕೇ ನನ್ನ ಜೀವ ತಿನ್ನುತ್ತಿದೆ.

ಅಪ್ಪನಿಗೆ ಲಕ್ವಾ ಹೊಡೆದು ಐದು ತಿಂಗಳು. ಬಲಗೈ ಆಡುವುದಿಲ್ಲ, ಮಾತಿಲ್ಲ. ಇಡೀ ಹಿಂಡನ್ನು ಒಂದು ಕೂಗಿಗೆ ತಿರುಗಿಸುತ್ತಿದ್ದ ಮಾಳಿಂಗಪ್ಪನಿಗೆ ಈಗ ಎಡಗೈ ಹೆಬ್ಬೆರಳೊಂದೇ. ನಾನು ದಿನಾ ಜಹೀರಾಬಾದಿಗೆ, ಕಾಲೇಜಿನ ಲ್ಯಾಬ್ ಕೆಲಸಕ್ಕೆ. ಮನೆ, ಕುರಿ, ಅಪ್ಪ — ಎಲ್ಲಕ್ಕೂ ಅವ್ವ ಒಬ್ಬಳೇ.

ಡಿಸೆಂಬರ್ 11

ನಡೆಯುತ್ತಿದೆ! ಎಷ್ಟು ಸಲ ಒತ್ತಿದ, ಎಷ್ಟು ಸಲ ಬಜರ್‌ಗೆ ತಲುಪಿತು — ಎರಡೂ ಬೋರ್ಡಿನ ಮೆಮೊರಿಯಲ್ಲಿ ಉಳಿಯುವಂತೆ ಬರೆದಿದ್ದೇನೆ. ಸೆಲ್ ಎಷ್ಟು ಬಾಳುತ್ತದೆ ತಿಳಿಯಲಿ ಎಂದು. ಇವತ್ತಿಗೆ ಒತ್ತಿದ್ದು 64, ತಲುಪಿದ್ದು 64. ಅಪ್ಪ ಸುಮ್ಮಸುಮ್ಮನೆ ಒತ್ತುತ್ತಾನೆ. ಅವ್ವ ಓಡಿ ಬಂದರೆ ಅರ್ಧ ಬಾಯಲ್ಲಿ ನಗುತ್ತಾನೆ.

"ಏನ್ ಚಾಷ್ಟಿ ಹಚ್ಚೀರಿ, ಮರಿಗಿ ಹಾಲ್ ಕುಡಿಸ್ಲಾಕ್ ಬಿಡ್ರಿ," ಎಂದು ಬೈಯುತ್ತಾಳೆ. ಅವಳಿಗೂ ಖುಷಿಯೇ.

"ಶಿರೀಷಾ, ಸೆಲ್ ಮುಗದದ್ದು ನಮಗ ಹ್ಯಾಂಗ ತಿಳೀಬೇಕು?" ಎಂದು ಕೇಳಿದಳು. ಲೇಟಾಗಿತ್ತು, ಹೊರಗೆ ಜೀಪಿನವ ಹಾರ್ನ್ ಹೊಡೆಯುತ್ತಿದ್ದ. "ದೀಪ ಹತ್ತಿದ್ರ ಸಾಕವ್ವಾ," ಎಂದು ಓಡಿದೆ.

ಜನವರಿ 6, ಸೋಮವಾರ

ಸೆಲ್ ಒಂದೊಂದೂ 1.1 ವೋಲ್ಟಿಗೆ ಇಳಿದಿವೆ. ನಾಳೆ ಹೊಸವು ತರಬೇಕು.

ಜನವರಿ 7

ಮರೆತೆ. ಪ್ರಾಕ್ಟಿಕಲ್ ಪರೀಕ್ಷೆ ನಡೆದಿದೆ, ತಲೆ ನಿಲ್ಲುತ್ತಿಲ್ಲ. ನಾಳೆ ಖಂಡಿತ.

ಅವ್ವ ಗೋಡೆ ಗಡಿಯಾರದ್ದು, ರಿಮೋಟಿನದ್ದು, ಹಳೆಯ ಸೆಲ್ಲುಗಳನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟಿದ್ದಾಳೆ. ಬಿಸಿಲು ಕುಡಿದು ತುಂಬಿಕೊಳ್ಳುತ್ತವಂತೆ. ಊರಲ್ಲಿ ಎಲ್ಲರೂ ಇಡುತ್ತಾರೆ. ನಕ್ಕೆ. ಏನೂ ಹೇಳಲಿಲ್ಲ.

ಜನವರಿ 12, ಭಾನುವಾರ

ಅಪ್ಪ ಹೋದ. ಬುಧವಾರ. ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ಅವ್ವ ಹನ್ನೊಂದಕ್ಕೆ ಗಂಜಿ ತಂದಾಗ ಉಸಿರಿರಲಿಲ್ಲ. ಗಂಟಲಲ್ಲಿ ಕಫ ಕಟ್ಟಿತ್ತು ಎಂದರು ಡಾಕ್ಟರ್. ಬಂದವರಿಗೆಲ್ಲ ಅವ್ವನದು ಒಂದೇ ಮಾತು: "ಒಮ್ಮಿನೂ ಬಟನ್ ಒತ್ತಲಿಲ್ರಿ. ನಿದ್ದ್ಯಾಗೇ ಹೋಗ್ಯಾರ. ಪುಣ್ಯವಂತರು."

ಅದೊಂದನ್ನೇ ಹಿಡಿದುಕೊಂಡು ಕೂತಿದ್ದಾಳೆ. ನಾನೂ ಅಷ್ಟೇ.

ಜನವರಿ 19

ಬಟನ್ ಡಬ್ಬಿ ತೆಗೆದಿಡೋಣ ಎಂದು ಬಿಚ್ಚಿದೆ. ಒಳಗಿರುವುದು ನಾನು ಹಾಕಿದ ಸೆಲ್ ಅಲ್ಲ. ಬಣ್ಣವೇ ಬೇರೆ. ಅವ್ವನನ್ನು ಕೇಳಿದೆ.

"ಅವತ್ತು ಬುಧವಾರ ಮುಂಜಾನಿ ದೀಪ ಹತ್ತಲಿಲ್ಲವ್ವಾ. ಬಿಸಿಲಿಗಿ ಇಟ್ಟಿದ್ವಲ್ಲ, ಅವು ಹಾಕಿ ಒಮ್ಮಿ ಒತ್ತಿ ನೋಡ್ದೆ. ಮಸ್ತ್ ಹತ್ತಿತು!"

ಮೀಟರ್ ಹಿಡಿದೆ. 1.35. ಸುಮ್ಮನಿದ್ದಾಗ ಮುಗಿದ ಸೆಲ್ಲುಗಳೂ ಹಾಗೇ ತೋರಿಸುತ್ತವೆ. ಒತ್ತಿದೆ. ದೀಪ ಹತ್ತಿತು. ಸಂದೇಶ ಕಳಿಸುವ ಕ್ಷಣಕ್ಕೆ ಕರೆಂಟ್ ಹೆಚ್ಚು ಬೇಕು — ಅಲ್ಲೇ ಸೆಲ್ ಕುಸಿಯಿತು, ಬೋರ್ಡ್ ಆಫ್ ಆಯಿತು. ದೊಡ್ಡಿಯಲ್ಲಿ ಬಜರ್ ಕೂಗಲಿಲ್ಲ.

ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದೆ. ಒತ್ತಿದ್ದು 231. ತಲುಪಿದ್ದು 211. ಈಗ ಒತ್ತಿದ್ದು ನಾನು, ಒಂದು. ಅವತ್ತು ಅವ್ವ ಒತ್ತಿ ನೋಡಿದ್ದು ಒಂದು. ಉಳಿದ ಹದಿನೆಂಟೂ ಅಪ್ಪನವು.

ದೀಪ ಹತ್ತುವುದನ್ನು ನೋಡಿದ್ದಾನೆ. ಅವ್ವ ಬರುತ್ತಾಳೆ ಎಂದು ಕಾದಿದ್ದಾನೆ. ಬಾರದಾಗ ಮತ್ತೆ ಒತ್ತಿದ್ದಾನೆ... ಅಯ್ಯೋ ಅಪ್ಪಾ.

ಬದುಕುತ್ತಿದ್ದನೋ ಇಲ್ಲವೋ. ಒಬ್ಬನೇ ಅಂತೂ ಸಾಯುತ್ತಿರಲಿಲ್ಲ. ಸೆಲ್ ತರುವುದು ಮರೆತವಳು ನಾನು. ದೀಪ ಹತ್ತಿದರೆ ಸಾಕು ಎಂದವಳೂ ನಾನು. ಅವ್ವನಿಗೆ ಹೇಳುವುದಿಲ್ಲ. ಯಾವತ್ತೂ ಹೇಳುವುದಿಲ್ಲ.

ಫೆಬ್ರವರಿ 2, ಸಂಜೆ 5

ನ್ಯಾಲ್ಕಲ್‌ನಿಂದ ಪೋಚಮ್ಮ ಬಂದಿದ್ದಾಳೆ. ಅವಳ ಗಂಡ ಭೀಮಶಾನಿಗೂ ಲಕ್ವಾ, ಮಾತು ಹೋಗಿದೆ. ಕರೆಸಿದ್ದು ಅವ್ವನೇ. ನನ್ನನ್ನು ಒಂದು ಮಾತೂ ಕೇಳದೆ ಬಟನ್ ಡಬ್ಬಿ, ಬಜರ್ ಎರಡನ್ನೂ ಸೆರಗಿನಿಂದ ಒರೆಸಿ ಪೋಚಮ್ಮನ ಉಡಿಗೆ ಹಾಕಿದಳು.

"ಒಯ್ಯವ್ವಾ. ನಮ್ಮ ಮಗಳು ಮಾಡಿದ್ದು. ಸೆಲ್ಲಿಗಿ ಮತ್ತ ಮತ್ತ ಅಂಗಡಿಗಿ ಹೋಗಬ್ಯಾಡ, ಎರಡು ದಿನ ಬಿಸಿಲಾಗ ಇಡು. ನಮ್ಮವರಿಗಿ ಹಂಗೇ ನಡ್ಸೀನಿ ನೋಡು, ಒಂದು ಸಲನೂ ಕೈ ಕೊಟ್ಟಿಲ್ಲ."

ಹಿಂದಿನ ಕೋಣೆಗೆ ಬಂದು ಬರೆಯುತ್ತಿದ್ದೇನೆ. ಹೊಸ ಸೆಲ್ ನಾನೇ ಹಾಕಿಕೊಡಬಹುದು. ಅವು ಮುಗಿದ ಮೇಲೆ? ಪೋಚಮ್ಮ ಅವ್ವ ಹೇಳಿದಂತೆಯೇ ಮಾಡುತ್ತಾಳೆ. ಬಿಸಿಲಿಗೆ ಇಡಬೇಡ ಎಂದರೆ ಅವ್ವ ಯಾಕೆ ಎನ್ನುತ್ತಾಳೆ. ಸುಳ್ಳು ಹೇಳಿದರೆ ನನ್ನ ಮುಖ ನೋಡಿಯೇ ಹಿಡಿಯುತ್ತಾಳೆ. ಹೇಳದಿದ್ದರೆ ಅಲ್ಲಿ ಭೀಮಶಾ ಮಲಗಿದ್ದಾನೆ.

ಅವ್ವ ಕರೆಯುತ್ತಿದ್ದಾಳೆ. "ಶಿರೀಷಾ, ಬಾರವಾ, ಇಕಿಗಿ ನೀನೂ ಒಂದೀಟು ತಿಳಿಸಿ ಹೇಳು."

ಬಂದೆ ಎಂದೆ. ಮೊದಲು ಅವ್ವನ ಕೈ ಹಿಡಿದುಕೊಳ್ಳಬೇಕು. ಕೂಡಿಸಬೇಕು. ಆಮೇಲೆ, ಅವ್ವಾ, ಅಪ್ಪ ಅವತ್ತು —